ಪ್ರಶ್ನಾವಾಕ್ಯ ರಚನೆ: ಜಮಖಂಡಿ–ಮುಧೋಳ ಸೀಮೆಯ ಕನ್ನಡ

ಕನ್ನಡದ ಪ್ರಶ್ನಾವಾಕ್ಯ ರಚನೆ ಎಂಬುದು ಹೇಳಿಕೆಯ ವಾಕ್ಯವನ್ನು ಉತ್ತರ ಬೇಡುವ ವಾಕ್ಯವನ್ನಾಗಿಸುವ ವ್ಯಾಕರಣ ನಿಯಮಗಳ ವ್ಯವಸ್ಥೆ. ಕ್ರಿಯಾಪದದ ಕೊನೆಗೆ ಅಂಟುವ ಪ್ರಶ್ನಾಪ್ರತ್ಯಯಗಳು, ತಮ್ಮ ಸ್ಥಾನ ಬಿಟ್ಟು ಕದಲಬೇಕಾಗಿಲ್ಲದ ಪ್ರಶ್ನಾಪದಗಳು ಮತ್ತು ವಾಕ್ಯದ ಏರುದನಿ ಅದರ ಮುಖ್ಯ ಸಾಧನಗಳು. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ–ಬನಹಟ್ಟಿ ತಾಲ್ಲೂಕುಗಳ ಆಡುಮಾತಿನಲ್ಲಿ ಈ ವ್ಯವಸ್ಥೆ ಗ್ರಂಥಸ್ಥ ಕನ್ನಡಕ್ಕಿಂತ ಕೆಲವು ಮುಖ್ಯ ಅಂಶಗಳಲ್ಲಿ ಭಿನ್ನವಾಗಿದೆ. ಅಲ್ಲಿ ಹೌದು ಅಥವಾ ಇಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಯನ್ನು ‘ಆ’ ಅಥವಾ ‘ಎ’ ಪ್ರತ್ಯಯದಿಂದಲ್ಲದೆ ಸಾಮಾನ್ಯವಾಗಿ ಕ್ರಿಯಾಪದದ ನಂತರ ಬರುವ ‘ಏನ’ ಎಂಬುದರಿಂದ ಗುರುತಿಸಲಾಗುತ್ತದೆ: ಊಟ ಆತೇನ್ರಿ, ಅಂವ ಬಂದಾನೇನ, ಹೊಳಿಗೆ ನೀರ ಬಂತೇನ. ಈ ರೂಪಗಳು ಕನ್ನಡ ವಾಕ್ಯದ ಕೊನೆಯ ಭಾಗ ಹೇಗೆ ಪದರಪದರವಾಗಿ ಕಟ್ಟಿದೆ ಎಂಬುದನ್ನು ಗ್ರಂಥಸ್ಥ ರೂಪಗಳಿಗಿಂತ ಹೆಚ್ಚು ಸ್ಪಷ್ಟವಾಗಿ ತೋರಿಸುತ್ತವೆ.

ಸೀಮೆ ಮತ್ತು ಭಾಷೆ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರುಣ್ಣುವ ಈ ನಾಲ್ಕು ತಾಲ್ಲೂಕುಗಳಲ್ಲಿ ಜಮಖಂಡಿ ಪಟವರ್ಧನರ ಮತ್ತು ಮುಧೋಳ ಘೋರ್ಪಡೆಯವರ ಸಂಸ್ಥಾನವಾಗಿದ್ದವು. 1948ರಲ್ಲಿ ಇವೆರಡೂ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿ, 1997ರಲ್ಲಿ ವಿಜಾಪುರ ಜಿಲ್ಲೆಯಿಂದ ಬೇರ್ಪಟ್ಟ ಬಾಗಲಕೋಟೆ ಜಿಲ್ಲೆಯ ಭಾಗವಾದವು. ನೇಕಾರಿಕೆಗೆ ಹೆಸರಾದ ರಬಕವಿ–ಬನಹಟ್ಟಿ ಈಚೆಗೆ ಪ್ರತ್ಯೇಕ ತಾಲ್ಲೂಕಾಯಿತು. ಮರಾಠಾ ಮನೆತನಗಳ ಆಳ್ವಿಕೆಯಿಂದಲೂ ಗಡಿಯ ನೆರೆಯಿಂದಲೂ ಮರಾಠಿಯ ಸಂಪರ್ಕ, ಆದಿಲಶಾಹಿ ಕಾಲದಿಂದ ದಖನಿ ಉರ್ದುವಿನ ಸಂಪರ್ಕ ಇಲ್ಲಿ ಬಹುಕಾಲದ್ದು. ಇದರ ಜೊತೆಗೆ ಕನ್ನಡದ ಬರಹ ಪರಂಪರೆಯೂ ಇಲ್ಲಿ ಹಳೆಯದು: ಹತ್ತನೆಯ ಶತಮಾನದ ಕವಿ ರನ್ನನ ಹುಟ್ಟೂರು ಮುಧೋಳ ಸೀಮೆಯದು, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಕಿಸುವೊಳಲ್, ಅಂದರೆ ಇಂದಿನ ಪಟ್ಟದಕಲ್ಲು, ಇದೇ ಜಿಲ್ಲೆಯಲ್ಲಿದೆ.

ಅಧ್ಯಯನದ ಹಿನ್ನೆಲೆ

ಹಳಗನ್ನಡದ ಪ್ರಶ್ನಾಪದಗಳಾದ ಆರ್, ಏನ್, ಆವಂ, ಆವುದು, ಎಂತು, ಎನಿತು ಮುಂತಾದವು ದ್ರಾವಿಡ ಭಾಷೆಗಳಿಗೆ ಸಾಮಾನ್ಯವಾದ ಯಾ–, ಎ– ಎಂಬ ಪ್ರಶ್ನಾಮೂಲಗಳಿಂದ ಬಂದವು. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ ಮತ್ತು 1604ರ ಭಟ್ಟಾಕಳಂಕನ ‘ಶಬ್ದಾನುಶಾಸನ’ದಂಥ ಪ್ರಾಚೀನ ವ್ಯಾಕರಣಗಳು ಪದರಚನೆಯನ್ನು ಕೇಂದ್ರವಾಗಿರಿಸಿಕೊಂಡದ್ದರಿಂದ ಪ್ರಶ್ನೆ ಅವುಗಳಲ್ಲಿ ಸರ್ವನಾಮ ಮತ್ತು ಅವ್ಯಯಗಳ ವಿಚಾರವಾಗಿಯೇ ಉಳಿಯಿತು. ಶಾಲಾ ವ್ಯಾಕರಣದ ಪ್ರಶ್ನಾರ್ಥಕ ಸರ್ವನಾಮ, ಪ್ರಶ್ನಾರ್ಥಕ ಅವ್ಯಯ ಎಂಬ ವಿಭಾಗ ಈ ಪರಂಪರೆಯ ಮುಂದುವರಿಕೆ. ಧಾರವಾಡ ಸೀಮೆಯನ್ನು ಬಲ್ಲ ಫರ್ಡಿನಾಂಡ್ ಕಿಟ್ಟೆಲ್ 1903ರಲ್ಲಿ ಪ್ರಕಟಿಸಿದ ವ್ಯಾಕರಣ ಹಳಗನ್ನಡ, ನಡುಗನ್ನಡ, ಹೊಸಗನ್ನಡ ರೂಪಗಳನ್ನು ಒಟ್ಟಿಗೆ ಇರಿಸಿ ನೋಡಿತು. 1960ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜು ಪ್ರಕಟಿಸಿದ ಕನ್ನಡ ಉಪಭಾಷಾ ಗ್ರಂಥಗಳು ಆಡುಮಾತನ್ನು ಶಾಸ್ತ್ರೀಯವಾಗಿ ದಾಖಲಿಸಿದವಾದರೂ ಅವುಗಳ ಒಲವು ಧ್ವನಿ ಮತ್ತು ಪದರಚನೆಯ ಕಡೆಗೇ ಇತ್ತು.

ವಾಕ್ಯವನ್ನೇ ಮೂಲ ಘಟಕವಾಗಿಟ್ಟುಕೊಂಡ ವಿವರಣೆಯಲ್ಲಿ ಎಸ್. ಎನ್. ಶ್ರೀಧರ್ ಅವರ 1990ರ ಕನ್ನಡ ವ್ಯಾಕರಣ ಮುಖ್ಯವಾದದ್ದು. ಡಿ. ಎನ್. ಶಂಕರ ಭಟ್ಟರು ಮುಂದೆ ವಿವರಿಸುವ ಉತ್ಪಾದಕ ವ್ಯಾಕರಣದ ಪಂಥದವರಲ್ಲದಿದ್ದರೂ, ಸರ್ವನಾಮಗಳನ್ನು ಕುರಿತ ತಮ್ಮ 2004ರ ಗ್ರಂಥದಲ್ಲಿ, ಯಾರು, ಏನು ಮೊದಲಾದ ಪದಗಳ ಮೂಲ ಅರ್ಥ ಅನಿರ್ದಿಷ್ಟತೆ ಮಾತ್ರ, ಪ್ರಶ್ನೆಯ ಅರ್ಥ ವಾಕ್ಯದ ಬೇರೆ ಅಂಗದಿಂದ ಬರುತ್ತದೆ ಎಂಬ ವಾದವನ್ನು ಮಂಡಿಸಿದರು. ಉತ್ಪಾದಕ ವ್ಯಾಕರಣದೊಳಗೆ ಹೈದರಾಬಾದಿನ ಆರ್. ಅಮೃತವಲ್ಲಿ ಮತ್ತು ಕೆ. ಎ. ಜಯಶೀಲನ್ ಅವರ ಬರಹಗಳು ಈ ವಿಷಯಕ್ಕೆ ತಳಹದಿಯಾಗಿವೆ. ಅಮೃತವಲ್ಲಿಯವರ 2003ರ ಲೇಖನ ಕನ್ನಡದ ಪ್ರಶ್ನೆಯನ್ನೂ ನಿಷೇಧದೊಡನೆ ಬರುವ ಪದಗಳನ್ನೂ ವಿಕಲ್ಪ ರಚನೆಯ, ಅಂದರೆ ‘ಇದೋ ಅದೋ’ ಎಂಬ ಆಯ್ಕೆಯ ರಚನೆಯ, ಚೌಕಟ್ಟಿನಲ್ಲಿ ಒಟ್ಟಿಗೆ ವಿವರಿಸಿತು.

ಸೈದ್ಧಾಂತಿಕ ಚೌಕಟ್ಟು

ಉತ್ಪಾದಕ ವ್ಯಾಕರಣವೆಂದರೆ, ಮಾತುಗಾರರು ಹಿಂದೆಂದೂ ಕೇಳಿರದ ವಾಕ್ಯಗಳನ್ನೂ ಕಟ್ಟುವುದಕ್ಕೆ ಮತ್ತು ಗ್ರಹಿಸುವುದಕ್ಕೆ ಆಧಾರವಾದ ಅರಿವನ್ನು ಮಿತಸಂಖ್ಯೆಯ ನಿಯಮಗಳಾಗಿ ನಿರೂಪಿಸಲು ಯತ್ನಿಸುವ ಸಿದ್ಧಾಂತ. ನೋಮ್ ಚಾಮ್ಸ್ಕಿಯವರ 1957ರ ‘ಸಿಂಟ್ಯಾಕ್ಟಿಕ್ ಸ್ಟ್ರಕ್ಚರ್ಸ್’ ಅದರ ಆರಂಭದ ಗ್ರಂಥ. ಈ ಸಿದ್ಧಾಂತದಲ್ಲಿ ವಾಕ್ಯ ಪದಗಳ ಸಾಲಲ್ಲ, ಒಂದರೊಳಗೊಂದು ಅಡಕವಾದ ಪದಗುಚ್ಛಗಳ ಶ್ರೇಣಿ. ಪ್ರತಿ ಗುಚ್ಛಕ್ಕೂ ಒಂದು ಶೀರ್ಷ, ಅಂದರೆ ಗುಚ್ಛದ ಸ್ವರೂಪವನ್ನು ನಿರ್ಧರಿಸುವ ಅಂಗ, ಇರುತ್ತದೆ. ಅತ್ಯಂತ ಒಳಗೆ ಕ್ರಿಯಾಗುಚ್ಛ, ಅದರ ಹೊರಗೆ ಕಾಲ ಮತ್ತು ಪುರುಷ–ಲಿಂಗ–ವಚನಗಳನ್ನು ಹೊತ್ತ ಕಾಲಗುಚ್ಛ, ಅದಕ್ಕೂ ಹೊರಗೆ ವಾಕ್ಯ ಹೇಳಿಕೆಯೋ ಪ್ರಶ್ನೆಯೋ ಎಂಬುದನ್ನು ಸೂಚಿಸುವ ಪೂರಕಗುಚ್ಛ ಇರುತ್ತವೆ. ಕನ್ನಡ ಶೀರ್ಷಾಂತ್ಯ ಭಾಷೆ. ಕರ್ಮದ ನಂತರ ಕ್ರಿಯೆ, ಕ್ರಿಯೆಯ ನಂತರ ಕಾಲ, ಕಾಲದ ನಂತರ ಪುರುಷಸೂಚಕ ಬರುವುದರಿಂದ, ವಾಕ್ಯದ ಹೊರಪದರಗಳು ಮಾತಿನಲ್ಲಿ ಕೊನೆಗೆ ಕೇಳಿಸುತ್ತವೆ. ಹೀಗಾಗಿ ಪ್ರಶ್ನಾಸೂಚಕವನ್ನು ಕನ್ನಡದಲ್ಲಿ ಹುಡುಕಬೇಕಾದದ್ದು ವಾಕ್ಯದ ತುದಿಯಲ್ಲಿ.

ಇಂಗ್ಲಿಷಿನಂಥ ಭಾಷೆಗಳಲ್ಲಿ ಪ್ರಶ್ನಾಪದವು ತಾನು ಅರ್ಥಪಡೆಯುವ ಸ್ಥಾನದಿಂದ ವಾಕ್ಯದ ಮೊದಲಿಗೆ ಸರಿಯುತ್ತದೆ. ಈ ಸರಿಯುವಿಕೆಗೆ ಚಲನೆ ಎಂದು ಹೆಸರು. 1977ರ ಚಾಮ್ಸ್ಕಿಯವರ ಲೇಖನ ಅದರ ನಿರ್ಬಂಧಗಳನ್ನು ವಿವರಿಸಿತು. ಕನ್ನಡ, ಚೀನಿ, ಜಪಾನಿಗಳಂಥ ಭಾಷೆಗಳಲ್ಲಿ ಪ್ರಶ್ನಾಪದ ತನ್ನ ಸ್ಥಾನದಲ್ಲೇ ಉಳಿಯುತ್ತದೆ. ಇದು ಸ್ವಸ್ಥಾನ ಪ್ರಶ್ನೆ. ಸ್ವಸ್ಥಾನ ಪದವೂ ವಾಕ್ಯದ ಅರ್ಥ ನಿರ್ಧಾರವಾಗುವ ತಾರ್ಕಿಕ ರೂಪದಲ್ಲಿ ಅಗೋಚರವಾಗಿ ಚಲಿಸುತ್ತದೆ ಎಂದು ಸಿ.–ಟಿ. ಜೇಮ್ಸ್ ಹ್ವಾಂಗ್ 1982ರ ಪ್ರೌಢಪ್ರಬಂಧದಲ್ಲಿ ವಾದಿಸಿದರು. 1991ರಲ್ಲಿ ಲೀಸಾ ಚೆಂಗ್, ಪ್ರತಿ ವಾಕ್ಯವೂ ತನ್ನ ಬಗೆಯನ್ನು ಘೋಷಿಸಬೇಕೆಂಬ ತತ್ತ್ವದಿಂದ ಹೊರಟು, ಸ್ವಸ್ಥಾನ ಪ್ರಶ್ನೆಯುಳ್ಳ ಭಾಷೆಗಳಲ್ಲಿ ಪ್ರಶ್ನಾಪ್ರತ್ಯಯಗಳೂ ಇರುತ್ತವೆ ಎಂಬ ಊಹೆಯನ್ನು ಮಂಡಿಸಿದರು. ಪ್ರತ್ಯಯಗಳು ಸಮೃದ್ಧವಾಗಿರುವ ಕನ್ನಡ ಈ ಊಹೆಗೆ ಹೊಂದುತ್ತದೆ.

ಹೌದು–ಇಲ್ಲ ಪ್ರಶ್ನೆ

ಇಡೀ ವಾಕ್ಯದ ಸತ್ಯಾಸತ್ಯವನ್ನು ಕೇಳುವ ಪ್ರಶ್ನೆ ಹೌದು–ಇಲ್ಲ ಪ್ರಶ್ನೆ. ಬರಹದ ಕನ್ನಡದಲ್ಲಿ ಅದಕ್ಕೆ ಎ ಅಥವಾ ಏ ಪ್ರತ್ಯಯ (ಬಂದನೆ, ಬಂದನೇ), ಮೈಸೂರು–ಬೆಂಗಳೂರು ಭಾಗದ ಮಾತಿನಲ್ಲಿ ಆ ಪ್ರತ್ಯಯ (ಬಂದನಾ, ಬಂದ್ರಾ) ಬಳಕೆಯಲ್ಲಿವೆ. ಜಮಖಂಡಿ–ಮುಧೋಳ ಸೀಮೆಯಲ್ಲಿ ಆ ಸ್ಥಾನವನ್ನು ಏನ ತುಂಬುತ್ತದೆ. ಮುಂಚಿನ ಸ್ವರ ಲೋಪವಾಗಿ ಅದು ಕ್ರಿಯಾಪದದೊಡನೆ ಒಂದಾಗುತ್ತದೆ: ಐತಿ ಎಂಬುದು ಐತೇನ, ಆತು ಎಂಬುದು ಆತೇನ, ಬಂದಾಳ ಎಂಬುದು ಬಂದಾಳೇನ, ಇಲ್ಲ ಎಂಬುದು ಇಲ್ಲೇನ ಆಗುತ್ತವೆ. ಕ್ರಿಯಾಪದವಿಲ್ಲದ ವಾಕ್ಯದಲ್ಲಿ ಅದು ನಾಮಪದಕ್ಕೇ ಅಂಟುತ್ತದೆ: ಇದು ಜಮಖಂಡಿ ಬಸ್ಸೇನ್ರಿ, ಅಂವ ಮಾಸ್ತರೇನ.

ಈ ಏನ ಮತ್ತು ವಸ್ತುವನ್ನು ಕೇಳುವ ಸರ್ವನಾಮ ಏನ ಒಂದೇ ರೂಪದಲ್ಲಿದ್ದರೂ ವ್ಯಾಕರಣದಲ್ಲಿ ಬೇರೆಬೇರೆ. ‘ನೀ ಏನ ತಿಂದಿ?’ ಎಂಬಲ್ಲಿ ಏನ ಕರ್ಮಸ್ಥಾನದಲ್ಲಿದೆ, ತಿಂದ ಪದಾರ್ಥವನ್ನು ಕೇಳುತ್ತದೆ. ‘ನೀ ರೊಟ್ಟಿ ತಿಂದ್ಯೇನ?’ ಎಂಬಲ್ಲಿ ಕರ್ಮಸ್ಥಾನವನ್ನು ರೊಟ್ಟಿ ತುಂಬಿರುವುದರಿಂದ ಏನ ಕರ್ಮವಾಗಿರಲು ಸಾಧ್ಯವೇ ಇಲ್ಲ. ಅಕರ್ಮಕವಾದ ಬಾ, ಹೋಗು, ಆಗು ಮುಂತಾದವುಗಳ ಜೊತೆಗೂ ಅದು ಬರುವುದು ಇದಕ್ಕೆ ಪೂರಕ ಸಾಕ್ಷ್ಯ. ಸರ್ವನಾಮ ವಿಭಕ್ತಿಯನ್ನು ಪಡೆಯುತ್ತದೆ, ತನ್ನದೇ ಒತ್ತಿನಿಂದ ಉಚ್ಚಾರವಾಗುತ್ತದೆ. ಪ್ರಶ್ನಾಸೂಚಕ ಏನ ವಿಭಕ್ತಿಯನ್ನು ಪಡೆಯುವುದಿಲ್ಲ, ಹಿಂದಿನ ಪದವನ್ನು ಆತುಕೊಂಡೇ ಉಚ್ಚಾರವಾಗುತ್ತದೆ. ಆದ್ದರಿಂದ ಉತ್ಪಾದಕ ವಿಶ್ಲೇಷಣೆಯಲ್ಲಿ ಮೊದಲನೆಯದು ಕ್ರಿಯಾಗುಚ್ಛದೊಳಗಿನ ನಾಮ, ಎರಡನೆಯದು ಪೂರಕಗುಚ್ಛದ ಶೀರ್ಷ.

ಸರ್ವನಾಮವೊಂದು ಪ್ರಶ್ನಾಸೂಚಕವಾಗಿ ಬೆಳೆದ ಬಗೆಗೆ ಈ ಸೀಮೆಯ ಮಾತೇ ಒಂದು ಸುಳಿವನ್ನು ಕೊಡುತ್ತದೆ. ‘ಬಂದಾನೋ ಏನೋ’ ಎಂಬ ಸಂದೇಹದ ರಚನೆಯಲ್ಲಿ ಮೊದಲ ಭಾಗ ಒಂದು ಸಾಧ್ಯತೆಯನ್ನು ಹೆಸರಿಸಿ, ಏನೋ ಎಂಬುದು ಹೆಸರಿಸದ ಉಳಿದ ಸಾಧ್ಯತೆಯನ್ನು ಸೂಚಿಸುತ್ತದೆ. ಇಂಥ ಎರಡು ಭಾಗಗಳ ವಿಕಲ್ಪ ವಾಕ್ಯ ಸಂಕ್ಷಿಪ್ತಗೊಂಡು, ಎರಡನೆಯ ಭಾಗದಲ್ಲಿ ಉಳಿದ ಏನ ಮೊದಲ ವಾಕ್ಯದ ತುದಿಗೆ ಅಂಟಿಕೊಂಡಿತೆಂದು ಭಾವಿಸಿದರೆ, ‘ಬಂದಾನೇನ’ ಎಂಬುದು ಬಂದಾನೆಯೋ ಅಥವಾ ಬೇರೇನೋ ಎಂಬ ಆಯ್ಕೆಯ ಪ್ರಶ್ನೆಯಿಂದ ಹುಟ್ಟಿದ್ದಾಗುತ್ತದೆ. ಹೌದು–ಇಲ್ಲ ಪ್ರಶ್ನೆಯನ್ನು ವಿಕಲ್ಪದ ಒಂದು ಬಗೆಯೆಂದು ಕಾಣುವ ಸಿದ್ಧಾಂತಕ್ಕೆ ಈ ವಿವರಣೆ ಹೊಂದುತ್ತದೆ. ಬೇರೆ ಭಾಷೆಯಿಂದ ನೇರವಾಗಿ ಎರವಲು ಬಂದಿತೆನ್ನುವುದಕ್ಕಿಂತ ಇದು ಹೆಚ್ಚು ಸಮಂಜಸವೂ ಹೌದು.

ಏನ ವಾಕ್ಯದ ತುದಿಯನ್ನು ಬಿಟ್ಟು ಕರ್ತೃವಿನ ನಂತರ ಬಂದಾಗ ಅರ್ಥ ಬದಲಾಗುತ್ತದೆ. ‘ಅಂವ ಬರ್ತಾನೇನ?’ ಎಂಬುದು ತಿಳಿಯಲು ಕೇಳಿದ ಪ್ರಶ್ನೆ, ‘ಅಂವೇನ ಬರ್ತಾನ!’ ಎಂಬುದು ಅವನು ಬರುವವನಲ್ಲ ಎಂಬ ನಿರಾಕರಣೆ. ನಿಷೇಧವುಳ್ಳ ಪ್ರಶ್ನೆಗೂ ಒಂದು ಪಕ್ಷಪಾತ ಉಂಟು: ‘ನೀ ಜಾತ್ರಿಗೆ ಬರೂದಿಲ್ಲೇನ?’ ಎಂದು ಕೇಳುವವರು ಬರುವೆನೆಂಬ ಉತ್ತರವನ್ನು ನಿರೀಕ್ಷಿಸಿರುತ್ತಾರೆ. ಹೇಳಿಕೆಯ ಕೊನೆಗೆ ಸಮ್ಮತಿ ಬೇಡುವ ‘ಹೌದಿಲ್ಲೊ’, ‘ಅಲ್ಲೇನ’ ಎಂಬವು ಅನುಬಂಧ ಪ್ರಶ್ನೆಗಳು. ಪ್ರತ್ಯಯವೇ ಇಲ್ಲದೆ ಏರುದನಿಯಿಂದ ಮಾತ್ರ ಕೇಳುವ ‘ನಾಳೆ ಬರ್ತಿ?’ ಎಂಬ ಬಗೆಯೂ ಇದೆ. ಉತ್ತರದಲ್ಲಿ ಹೌದು ಎಂಬುದಕ್ಕಿಂತ ಕ್ರಿಯಾಪದದ ಪುನರುಕ್ತಿ ಸಹಜ: ‘ಊಟ ಆತೇನ್ರಿ?’ ಎಂದರೆ ‘ಆತ್ರಿ’.

ವಾಕ್ಯದ ತುದಿಯ ಪದರಗಳು

ಈ ಸೀಮೆಯ ಕನ್ನಡ ವಾಕ್ಯಶಾಸ್ತ್ರಕ್ಕೆ ಒದಗಿಸುವ ಅತ್ಯಂತ ಬೆಲೆಯುಳ್ಳ ಸಾಮಗ್ರಿ ಕ್ರಿಯಾಪದದ ಕೊನೆಯಲ್ಲಿ ಸೂಚಕಗಳು ಬರುವ ಕ್ರಮ. ‘ನೀವು ಬಂದ್ರೇನ್ರಿ?’ ಎಂಬ ವಾಕ್ಯದ ಬಂದ್ರೇನ್ರಿ ಎಂಬ ರೂಪದಲ್ಲಿ ‘ರಿ’ ಎರಡು ಸಲ ಬಂದಿದೆ. ಒಳಗಿನ ರಿ, ಬಂದಿರಿ ಎಂಬುದರ ಭಾಗ. ಅದು ಕರ್ತೃವಾದ ನೀವು ಎಂಬುದಕ್ಕೆ ಹೊಂದಿಕೊಂಡ ಪುರುಷಸೂಚಕ. ಹೊರಗಿನ ರಿ ಕೇಳುಗರಿಗೆ ಸಲ್ಲಿಸುವ ಗೌರವ. ಈ ಎರಡರ ನಡುವೆ ಪ್ರಶ್ನಾಸೂಚಕ ಏನ ಕುಳಿತಿದೆ. ಕರ್ತೃ ಪ್ರಥಮಪುರುಷದಲ್ಲಿದ್ದರೆ ಒಳಗಿನ ಸೂಚಕ ಬದಲಾಗಿ ಹೊರಗಿನದು ಹಾಗೆಯೇ ಉಳಿಯುತ್ತದೆ: ‘ನಿಮ್ಮ ಮಗ ಬಂದಾನೇನ್ರಿ?’ ಎಂಬಲ್ಲಿ ಆನ ಎಂಬುದು ಮಗನಿಗೆ, ರಿ ಎಂಬುದು ಕೇಳುತ್ತಿರುವ ತಂದೆಗೋ ತಾಯಿಗೋ ಸಲ್ಲುತ್ತದೆ. ಕೇಳುಗರು ಬದಲಾದಂತೆ ಹೊರಗಿನ ಸೂಚಕವೂ ಬದಲಾಗುತ್ತದೆ. ಗಂಡಸಿಗೆ ‘ಬಂದಾನೇನಪಾ’, ಹೆಂಗಸಿಗೆ ‘ಬಂದಾನೇನವಾ’, ಸಲುಗೆಯ ಗೆಳೆಯನಿಗೆ ‘ಬಂದಾನೇನಲೇ’.

ಕಾಲ, ಪುರುಷ, ಪ್ರಶ್ನೆ, ಕೇಳುಗ ಎಂಬ ಈ ಕ್ರಮ ಹಿಂದುಮುಂದಾಗುವುದಿಲ್ಲ. ಕೇಳುಗಸೂಚಕ ಪ್ರಶ್ನಾಸೂಚಕಕ್ಕಿಂತ ಒಳಗೆ ಬರುವುದಿಲ್ಲ. ಶೀರ್ಷಾಂತ್ಯ ಭಾಷೆಯಲ್ಲಿ ಹೆಚ್ಚು ಬಲಕ್ಕೆ ಬರುವುದು ಹೆಚ್ಚು ಹೊರಗಿನ ಪದರವಾದ್ದರಿಂದ, ಪೂರಕಗುಚ್ಛಕ್ಕೂ ಹೊರಗೆ ಮಾತಿನ ಸಂದರ್ಭವನ್ನು, ಅಂದರೆ ಆಡುವವರು ಮತ್ತು ಕೇಳುವವರನ್ನು, ಪ್ರತಿನಿಧಿಸುವ ಇನ್ನೊಂದು ಪದರವಿದೆ ಎಂಬ ಪ್ರತಿಪಾದನೆಗೆ ಇದು ನೇರ ಸಾಕ್ಷ್ಯ. ವಾಕ್ಯದ ಹೊರ ಅಂಚನ್ನು ಹಲವು ಪದರಗಳಾಗಿ ಬಿಡಿಸುವ ವಿಧಾನವನ್ನು ಲುಯಿಜಿ ರಿಟ್ಸಿ 1997ರಲ್ಲಿ ಇಟಾಲಿಯನ್ ಆಧಾರದಿಂದ ಮಂಡಿಸಿದರು; ಕೇಳುಗರನ್ನು ಗುರುತಿಸುವ ಇಂಥ ಹೊಂದಾಣಿಕೆಯನ್ನು ತಮಿಳಿನಲ್ಲಿ ಥಾಮಸ್ ಮ್ಯಾಕ್‌ಫ್ಯಾಡನ್ 2020ರಲ್ಲಿ ವಿವರಿಸಿದ್ದಾರೆ. ಮೈಸೂರು ಕಡೆಯ ‘ಬಂದ್ರಾ’ ಎಂಬ ರೂಪದಲ್ಲಿ ಕೇಳುಗಸೂಚಕ ಪ್ರತ್ಯೇಕವಾಗಿ ಕಾಣಿಸಿಕೊಳ್ಳದಿರುವುದರಿಂದ ಈ ಪದರ ಅಲ್ಲಿ ಮರೆಯಾಗಿರುತ್ತದೆ. ಬಂದ್ರೇನ್ರಿ ಎಂಬ ಒಂದೇ ಪದ ಅದನ್ನು ಕಿವಿಗೆ ಕೇಳಿಸುವಂತೆ ತೆರೆದಿಡುತ್ತದೆ.

ಪ್ರಶ್ನಾಪದಗಳು

ವಾಕ್ಯದ ಒಂದು ಅಂಗವನ್ನು ಮಾತ್ರ ಕೇಳುವ ಪ್ರಶ್ನೆಯಲ್ಲಿ ಪ್ರಶ್ನಾಪದ ಬರುತ್ತದೆ. ಈ ಸೀಮೆಯಲ್ಲಿ ವ್ಯಕ್ತಿಗೆ ಯಾರ, ಯಾಂವ, ಯಾಕಿ, ವಸ್ತುವಿಗೆ ಏನ, ಯಾವದು, ಕಾರಣಕ್ಕೆ ಯಾಕ, ರೀತಿಗೆ ಹೆಂಗ ಅಥವಾ ಹ್ಯಾಂಗ, ಸ್ಥಳಕ್ಕೆ ಎಲ್ಲಿ, ದಿಕ್ಕಿಗೆ ಎತ್ತಾಗ, ಕಾಲಕ್ಕೆ ಯಾವಾಗ, ಪ್ರಮಾಣಕ್ಕೆ ಎಷ್ಟ ಎಂಬ ರೂಪಗಳಿವೆ. ಯಾಂವ ಮತ್ತು ಯಾಕಿ ಎಂಬವು ಅಂವ, ಆಕಿ ಎಂಬ ನಿರ್ದೇಶಕಗಳಿಗೆ ಜೋಡಿಯಾಗಿ ನಿಂತು ಏಕವಚನದ ಕ್ರಿಯಾಪದವನ್ನು ಬಯಸುತ್ತವೆ: ಯಾಂವ ಬಂದಾನ, ಯಾಕಿ ಬಂದಾಳ. ಯಾರ ಎಂಬುದು ಕೇಳಿದ ವ್ಯಕ್ತಿ ಒಬ್ಬರೇ ಆಗಿದ್ದರೂ ಬಹುವಚನವನ್ನೇ ಬಯಸುತ್ತದೆ: ಯಾರ ಬಂದಾರ. ಅಪರಿಚಿತರ ವಿಷಯದಲ್ಲಿ ಯಾಂವ, ಯಾಕಿ ಎನ್ನುವುದು ಅಗೌರವವೆನಿಸುವುದರಿಂದ ಯಾರ ಎಂಬುದೇ ಸಾಮಾನ್ಯ ಬಳಕೆ.

ಪ್ರಶ್ನಾಪದ ವಾಕ್ಯದ ಮೊದಲಿಗೆ ಹೋಗಬೇಕಾಗಿಲ್ಲ. ಕರ್ಮವನ್ನು ಕೇಳುವಾಗ ಅದು ಕರ್ಮದ ಜಾಗದಲ್ಲೇ ಇರುತ್ತದೆ: ‘ನೀ ಸಂತ್ಯಾಗ ಏನ ತಂದಿ?’. ಕರ್ತೃವನ್ನು ಕೇಳುವಾಗ ಕರ್ಮವೇ ಮುಂದೆ ಸರಿದು ಪ್ರಶ್ನಾಪದ ಕ್ರಿಯೆಯ ಪಕ್ಕಕ್ಕೆ ಬರುವುದು ಹೆಚ್ಚು ಸಹಜ: ‘ಈ ಸೀರಿ ಯಾರ ನೇದಾರ?’ ಎಂಬುದು ‘ಯಾರ ಈ ಸೀರಿ ನೇದಾರ?’ ಎಂಬುದಕ್ಕಿಂತ ಸಲೀಸು. ಮಲಯಾಳದಲ್ಲಿ ಪ್ರಶ್ನಾಪದ ಕ್ರಿಯೆಗೆ ತಾಗಿಯೇ ಇರಬೇಕೆಂಬುದನ್ನು ಆಧರಿಸಿ, ಕ್ರಿಯಾಗುಚ್ಛದ ಮೇಲುಗಡೆ ಒತ್ತುಸ್ಥಾನವೊಂದಿದೆ, ಪ್ರಶ್ನಾಪದ ಅಲ್ಲಿಗೆ ಸರಿಯುತ್ತದೆ ಎಂದು ಜಯಶೀಲನ್ 2001ರಲ್ಲಿ ವಾದಿಸಿದರು. ಕನ್ನಡದಲ್ಲಿ ಈ ನಿಯಮ ಅಷ್ಟು ಕಟ್ಟುನಿಟ್ಟಲ್ಲ, ಒಲವು ಮಾತ್ರ ಅದೇ ದಿಕ್ಕಿನದು.

ಪ್ರಶ್ನಾಪದ ದ್ವಿರುಕ್ತಿಯಾದರೆ ಉತ್ತರವಾಗಿ ಪೂರ್ಣಪಟ್ಟಿಯನ್ನು ಬೇಡುತ್ತದೆ. ‘ಮದಿವಿಗೆ ಯಾರ ಬಂದಿದ್ರು?’ ಎಂಬುದಕ್ಕೆ ಒಂದು ಹೆಸರು ಸಾಕಾದರೆ, ‘ಯಾರ್ಯಾರ ಬಂದಿದ್ರು?’ ಎಂಬುದಕ್ಕೆ ಬಂದವರೆಲ್ಲರನ್ನೂ ಹೆಸರಿಸಬೇಕು. ಏನೇನ, ಎಲ್ಲೆಲ್ಲಿ, ಎಷ್ಟೆಷ್ಟ ಇವುಗಳೂ ಹಾಗೆಯೇ. ‘ಯಾರ ಯಾರಿಗೆ ಏನ ಕೊಟ್ರು?’ ಎಂದು ಹಲವು ಪ್ರಶ್ನಾಪದಗಳು ಒಂದೇ ವಾಕ್ಯದಲ್ಲಿ ಬರಲೂ ಅಡ್ಡಿಯಿಲ್ಲ. ಆದರೆ ಪ್ರಶ್ನಾಪದವೂ ಹೌದು–ಇಲ್ಲ ಸೂಚಕವೂ ಒಂದೇ ಉಪವಾಕ್ಯದಲ್ಲಿ ಸೇರಿ ಒಂದು ಅಂಗವನ್ನು ಮಾತ್ರ ಕೇಳುವ ಪ್ರಶ್ನೆಯಾಗುವುದಿಲ್ಲ. ಪ್ರತಿ ವಾಕ್ಯಕ್ಕೂ ಪ್ರಶ್ನೆಯ ಬಗೆಯನ್ನು ನಿರ್ಧರಿಸುವ ಶೀರ್ಷ ಒಂದೇ ಇರುತ್ತದೆ ಎಂಬುದರಿಂದ ಇದು ಅರ್ಥವಾಗುತ್ತದೆ: ಆ ಸ್ಥಾನದಲ್ಲಿ ಏನ ಇದ್ದರೆ ಇಡೀ ವಾಕ್ಯ ಪ್ರಶ್ನೆಗೆ ಒಳಗಾಗುತ್ತದೆ, ಅಗೋಚರ ಸೂಚಕವಿದ್ದರೆ ಅದು ಒಳಗಿನ ಯಾರ, ಎಲ್ಲಿ ಮುಂತಾದವನ್ನು ತನ್ನ ಅಧೀನಕ್ಕೆ ತೆಗೆದುಕೊಳ್ಳುತ್ತದೆ.

ಸೀಳುವಾಕ್ಯದ ಪ್ರಶ್ನೆ

ಒಂದು ವಾಕ್ಯವನ್ನು ತಿಳಿದ ಭಾಗ ಮತ್ತು ಒತ್ತು ಬಿದ್ದ ಭಾಗ ಎಂದು ಎರಡಾಗಿ ಒಡೆದ ರಚನೆಗೆ ಸೀಳುವಾಕ್ಯ ಎಂದು ಹೆಸರು. ಕ್ರಿಯಾಪದ ತನ್ನ ಪುರುಷಸೂಚಕವನ್ನು ಕಳೆದುಕೊಂಡು ಬಂದದ್ದು, ಹೇಳಿದ್ದು ಎಂಬಂತೆ ನಾಮರೂಪವನ್ನು ತಳೆಯುತ್ತದೆ, ಪ್ರಶ್ನಾಪದ ವಿಧೇಯವಾಗುತ್ತದೆ: ‘ಈ ಮಾತ ಹೇಳಿದ್ದ ಯಾರ?’. ಈ ಸೀಮೆಯಲ್ಲಿ ವ್ಯಕ್ತಿಯನ್ನು ಕೇಳುವಾಗ ‘ಬಂದಾಂವ ಯಾಂವ?’, ‘ಬಂದಾಕಿ ಯಾಕಿ?’ ಎಂದು ಲಿಂಗಸೂಚಕವಿರುವ ನಾಮರೂಪವೂ ಬರುತ್ತದೆ. ಗ್ರಂಥಸ್ಥ ಕನ್ನಡದಲ್ಲಿ ಹೌದು–ಇಲ್ಲ ಪ್ರಶ್ನೆಯೂ ಈ ರಚನೆಯಲ್ಲಿ ಒಂದು ಅಂಗಕ್ಕೆ ಸೀಮಿತಗೊಳ್ಳುತ್ತದೆ. ‘ನೀನು ನಿನ್ನೆಯೇ ಬಂದದ್ದು?’ ಎಂದು ಕೇಳಿದಾಗ ಬಂದದ್ದು ನಿಶ್ಚಿತ, ದಿನ ಮಾತ್ರ ಅನಿಶ್ಚಿತ.

ವ್ಯಾಪ್ತಿ ಮತ್ತು ದ್ವೀಪ ನಿರ್ಬಂಧ

ಪ್ರಶ್ನಾಪದದ ಪ್ರಶ್ನಾರ್ಥ ಯಾವ ಉಪವಾಕ್ಯದವರೆಗೆ ಹರಡುತ್ತದೆಯೋ ಅದು ಅದರ ವ್ಯಾಪ್ತಿ. ‘ಯಾರ ಬರ್ತಾರ ಅಂತ ನೀ ತಿಳಕೊಂಡಿ?’ ಎಂಬುದರಲ್ಲಿ ಯಾರ ಒಳವಾಕ್ಯದಲ್ಲಿದ್ದರೂ ಪ್ರಶ್ನೆ ಇಡೀ ವಾಕ್ಯದ್ದು. ಉತ್ತರ ಒಂದು ಹೆಸರು. ‘ಯಾರ ಬರ್ತಾರ ಅಂತ ನಿನಗ ಗೊತ್ತೈತೇನ?’ ಎಂಬುದರಲ್ಲಿ ಯಾರ ಎಂಬುದರ ವ್ಯಾಪ್ತಿ ಒಳವಾಕ್ಯಕ್ಕೆ ಮುಗಿಯುತ್ತದೆ, ಹೊರವಾಕ್ಯದ ಪ್ರಶ್ನೆ ಏನ ಎಂಬುದರದ್ದು. ಉತ್ತರ ಗೊತ್ತು ಅಥವಾ ಗೊತ್ತಿಲ್ಲ. ವ್ಯತ್ಯಾಸಕ್ಕೆ ಕಾರಣ ಹೊರವಾಕ್ಯದ ಕ್ರಿಯೆ: ಗೊತ್ತು, ಕೇಳು ಎಂಬವು ಪ್ರಶ್ನಾರೂಪದ ಪೂರಕವನ್ನು ಒಪ್ಪುತ್ತವೆ, ತಿಳಿದುಕೊಳ್ಳು ಎಂಬುದು ಭಾವಿಸು ಎಂಬ ಅರ್ಥದಲ್ಲಿ ಒಪ್ಪುವುದಿಲ್ಲ.

ಚಲನೆ ದಾಟಲಾರದ ರಚನೆಗಳನ್ನು ದ್ವೀಪಗಳು ಎನ್ನುತ್ತಾರೆ. ನಾಮಪದವನ್ನು ವಿಶೇಷಿಸುವ ಉಪವಾಕ್ಯ, ಕ್ರಿಯಾವಿಶೇಷಣ ಉಪವಾಕ್ಯ ಇವು ಅಂಥವು. ಇಂಗ್ಲಿಷಿನಲ್ಲಿ ಇವುಗಳ ಒಳಗಿನಿಂದ ಪ್ರಶ್ನಾಪದವನ್ನು ಹೊರಗೆ ತರಲಾಗದು. ಕನ್ನಡದಲ್ಲಿ ಅದು ಒಳಗೇ ಇದ್ದು ಇಡೀ ವಾಕ್ಯವನ್ನು ಪ್ರಶ್ನೆಯಾಗಿಸುತ್ತದೆ: ‘ಯಾರ ಬರದ ಪುಸ್ತಕ ಓದಿದಿ?’, ‘ಯಾರ್ನ ನೋಡಿ ನಕ್ಕಿ?’. ಕಾರಣವನ್ನು ಕೇಳುವ ಯಾಕ ಎಂಬುದನ್ನು ಅದೇ ಜಾಗದಲ್ಲಿಟ್ಟರೆ ವಾಕ್ಯ ಕೆಡುತ್ತದೆ; ಬರೆದ ಕಾರಣವನ್ನು ಉದ್ದೇಶಿಸಿ ‘ಯಾಕ ಬರದ ಪುಸ್ತಕ ಓದಿದಿ?’ ಎಂದರೆ ಕೇಳುಗರು ಯಾಕ ಎಂಬುದನ್ನು ಓದಿದ ಕ್ರಿಯೆಗೇ ಹಚ್ಚಿಕೊಳ್ಳುತ್ತಾರೆ. ಚೀನಿ ಮತ್ತು ಜಪಾನಿಗಳಲ್ಲೂ ಕಾಣುವ ಈ ಅಂತರವನ್ನು, ಯಾರು, ಏನು ಎಂಬ ನಾಮರೂಪಗಳು ಚಲನೆಯಿಲ್ಲದೆಯೇ ವಾಕ್ಯದ ತುದಿಯ ಸೂಚಕದಿಂದ ಬದ್ಧವಾಗುತ್ತವೆ, ಏಕೆ ಎಂಬಂಥ ಕ್ರಿಯಾವಿಶೇಷಣಗಳು ಮಾತ್ರ ಅಗೋಚರವಾಗಿ ಚಲಿಸಲೇಬೇಕು ಎಂದು ವಿವರಿಸಲಾಗುತ್ತದೆ.

ಅಧೀನ ಪ್ರಶ್ನೆ ಮತ್ತು ಓ, ಊ ಪ್ರತ್ಯಯಗಳು

ಒಳವಾಕ್ಯದ ಹೌದು–ಇಲ್ಲ ಪ್ರಶ್ನೆಯಲ್ಲಿ ಏನ ಸ್ವತಂತ್ರವಾಗಿ ಬರುವುದಿಲ್ಲ. ‘ಬರ್ತಿಯೇನ ಅಂತ ಕೇಳಿದ’ ಎಂದು ಮಾತನ್ನು ಯಥಾವತ್ತಾಗಿ ವರದಿಮಾಡುವಾಗ ಅದು ಉಳಿಯುತ್ತದೆ. ಗೊತ್ತಿಲ್ಲ ಎಂಬುದರ ಅಧೀನದಲ್ಲಿ ಅದರ ಬದಲಿಗೆ ಓ ಬರುತ್ತದೆ: ‘ಅಂವ ಬಂದಾನೋ ಇಲ್ಲೋ ಗೊತ್ತಿಲ್ಲ’. ಆಯ್ಕೆಯ ಪ್ರಶ್ನೆಯಲ್ಲೂ ಓ ಎಂಬುದೇ ಬರುತ್ತದೆ: ‘ಚಾ ಕುಡಿತೀಯೋ ಹಾಲ ಕುಡಿತೀಯೋ?’. ಇದೇ ಓ ಪ್ರಶ್ನಾಪದಕ್ಕೆ ಅಂಟಿದರೆ ಅನಿರ್ದಿಷ್ಟ ಸರ್ವನಾಮ ದೊರೆಯುತ್ತದೆ: ಯಾರೋ, ಏನೋ, ಎಲ್ಲೋ. ಸಮುಚ್ಚಯದ ಊ ಅಂಟಿ ನಿಷೇಧದೊಡನೆ ಬಂದರೆ ಸಂಪೂರ್ಣ ನಿರಾಕರಣೆ: ಯಾರೂ ಬಂದಿಲ್ಲ, ಏನೂ ಇಲ್ಲ. ಗ್ರಂಥಸ್ಥ ‘ಆದರೂ’ ಎಂಬುದು ಈ ಸೀಮೆಯಲ್ಲಿ ‘ಅರ’ ಎಂದು ಸವೆದು ಯಾರರ, ಏನರ ಎಂಬ ರೂಪಗಳನ್ನು ಕೊಟ್ಟಿದೆ; ‘ಯಾರರ ಬಂದಾರೇನ?’ ಎಂಬಲ್ಲಿ ಯಾರ ಇದ್ದರೂ ಅದು ಹೌದು–ಇಲ್ಲ ಪ್ರಶ್ನೆಯೇ.

ಯಾರ ಎಂಬ ಒಂದೇ ಮೂಲ ತುದಿಯ ಪ್ರತ್ಯಯಕ್ಕೆ ತಕ್ಕಂತೆ ಪ್ರಶ್ನೆ, ಅನಿರ್ದಿಷ್ಟ, ನಿಷೇಧಗಳಾಗಿ ಮಾರ್ಪಡುವುದು, ಪ್ರಶ್ನಾರ್ಥ ಆ ಪದದ ಸ್ವಂತ ಗುಣವಲ್ಲ ಎಂಬ ನಿಲುವಿಗೆ ಬಲವಾದ ಆಧಾರ. ಓ ಪ್ರತ್ಯಯ ಸಂಬಂಧಕ ವಾಕ್ಯದಲ್ಲೂ ಕೆಲಸ ಮಾಡುತ್ತದೆ: ‘ಯಾವ ಹೊಲಕ್ಕ ನೀರ ಬರತೈತೋ ಅಲ್ಲಿ ಕಬ್ಬ ಬೆಳಿತಾರ’. ಪ್ರಶ್ನಾಪದ ಮತ್ತು ವಿಕಲ್ಪ ಪ್ರತ್ಯಯ ಸೇರಿದ ಈ ಕನ್ನಡ ಮಾದರಿಯನ್ನು ಕರ್ನಾಟಕದ ಸಾರಸ್ವತ ಕೊಂಕಣಿ ತನ್ನದಾಗಿಸಿಕೊಂಡದ್ದನ್ನು ಎಂ. ವಿ. ನಾಡಕರ್ಣಿ 1975ರಲ್ಲಿ ತೋರಿಸಿಕೊಟ್ಟರು.

ಇತರ ಭಾಷೆಗಳೊಡನೆ ಹೋಲಿಕೆ

ಮರಾಠಿಯಲ್ಲಿ ವಸ್ತುವನ್ನು ಕೇಳುವ ‘ಕಾಯ್’ ಎಂಬ ಪದವೇ ವಾಕ್ಯಾಂತ್ಯದಲ್ಲಿ ಹೌದು–ಇಲ್ಲ ಸೂಚಕವಾಗಿಯೂ ಬರುತ್ತದೆ. ಉರ್ದುವಿನ ‘ಕ್ಯಾ’ ಎಂಬುದಕ್ಕೂ ಇಂಥದೇ ಇಮ್ಮಡಿ ಪಾತ್ರವಿದೆ. ಸಾಂಗ್ಲಿ ಜಿಲ್ಲೆಯ ಕುಪವಾಡ ಗ್ರಾಮದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ತಮ್ಮ ಪದಗಳನ್ನು ಉಳಿಸಿಕೊಂಡೇ ಸಮಾನ ವಾಕ್ಯವಿನ್ಯಾಸದ ಕಡೆಗೆ ಸರಿದಿರುವುದನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ವಿವರಿಸಿದರು. ಜಮಖಂಡಿ ಸೀಮೆಯ ಏನ ಎಂಬುದರ ಒಳಗಿನ ಬೆಳವಣಿಗೆಗೆ ಈ ನೆರೆಹೊರೆ ಇಂಬು ಕೊಟ್ಟಿರುವುದು ಸಾಧ್ಯ.

ಮಲಯ್ ಭಾಷೆಯ ವ್ಯವಸ್ಥೆ ಬೇರೆ ಬಗೆಯದು. ಅಲ್ಲಿ ಪ್ರಶ್ನಾಪದ ಸ್ವಸ್ಥಾನದಲ್ಲಿ ಉಳಿಯಬಹುದು, ವಾಕ್ಯದ ಮೊದಲಿಗೆ ಪೂರ್ತಿ ಚಲಿಸಬಹುದು, ಅಥವಾ ಒಳವಾಕ್ಯದ ಅಂಚಿನವರೆಗೆ ಮಾತ್ರ ಚಲಿಸಿ ನಿಲ್ಲಬಹುದು. ಚಲಿಸಿದಾಗ ದ್ವೀಪ ನಿರ್ಬಂಧ ಅನ್ವಯಿಸುತ್ತದೆ, ಸ್ವಸ್ಥಾನದಲ್ಲಿದ್ದಾಗ ಅನ್ವಯಿಸುವುದಿಲ್ಲ ಎಂಬುದನ್ನು ಪೀಟರ್ ಕೋಲ್ ಮತ್ತು ಗ್ಯಾಬ್ರಿಯೆಲಾ ಹರ್ಮನ್ 1998ರಲ್ಲಿ ನಿರೂಪಿಸಿದರು. ಕನ್ನಡದ ದ್ವೀಪಗಳೊಳಗಿನ ಯಾರ, ಏನ ಎಂಬವುಗಳ ವರ್ತನೆ ಮಲಯ್‌ನ ಸ್ವಸ್ಥಾನ ಪ್ರಶ್ನೆಗೆ ಸರಿಹೊಂದುತ್ತದೆ. ‘ಯಾಂಗ್’ ಎಂಬ ಸೂಚಕದಿಂದ ಕಟ್ಟುವ ಮಲಯ್ ಪ್ರಶ್ನೆಗಳು ಕನ್ನಡದ ಸೀಳುವಾಕ್ಯಕ್ಕೆ ಹತ್ತಿರದವು. ಒತ್ತು ಬಿದ್ದ ಅಂಗಕ್ಕೆ ಅಂಟುವ ‘ಕಾಹ್’ ಎಂಬ ಪ್ರತ್ಯಯ ಗ್ರಂಥಸ್ಥ ಕನ್ನಡದ ಎ, ಆ ಪ್ರತ್ಯಯಗಳನ್ನು ಹೋಲುತ್ತದೆ.

ಬಳಕೆ ಮತ್ತು ಈಗಿನ ಸ್ಥಿತಿ

ಮಾತುಕತೆಯಲ್ಲಿ ಪ್ರಶ್ನಾರೂಪ ಮಾಹಿತಿ ಬೇಡುವುದಕ್ಕಷ್ಟೇ ಸೀಮಿತವಲ್ಲ. ‘ಆರಾಮ ಅದೀರೇನ್ರಿ?’, ‘ಊಟ ಆತೇನ್ರಿ?’ ಎಂಬವು ಭೇಟಿಯ ಕುಶಲೋಪಚಾರಗಳು. ‘ಸ್ವಲ್ಪ ನೀರ ಕೊಡ್ತೀರೇನ್ರಿ?’ ಎಂಬುದು ವಿನಂತಿ. ಪ್ರಶ್ನಾಪದ ಒಂದೇ ನಿಂತು ಪೂರ್ಣವಾಕ್ಯದ ಕೆಲಸ ಮಾಡುವುದೂ ಸಾಮಾನ್ಯ, ‘ಯಾಕ್ರಿ?’, ‘ಎಲ್ಲಿಗ್ರಿ?’ ಎಂಬಲ್ಲಿ ಉಳಿದ ವಾಕ್ಯ ಲೋಪವಾಗಿದ್ದರೂ ಕೇಳುಗಸೂಚಕ ಲೋಪವಾಗುವುದಿಲ್ಲ, ಮತ್ತು ಆ ಸೂಚಕ ವಾಕ್ಯದ ಅತಿ ಹೊರಗಿನ ಪದರದಲ್ಲಿದೆ ಎಂಬ ವಿವರಣೆ ಇದನ್ನೂ ಒಳಗೊಳ್ಳುತ್ತದೆ.

ದ್ರಾವಿಡ ವಾಕ್ಯರಚನೆಯ ಉತ್ಪಾದಕ ಅಧ್ಯಯನಗಳನ್ನು ಜಯಶೀಲನ್ ಮತ್ತು ಅಮೃತವಲ್ಲಿ 2017ರ ಗ್ರಂಥದಲ್ಲಿ ಒಟ್ಟುಗೂಡಿಸಿದ್ದಾರೆ. ಕನ್ನಡದ ಪ್ರಶ್ನೆಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ದಕ್ಷಿಣದ ಆಡುಮಾತು ಮತ್ತು ಗ್ರಂಥಸ್ಥ ರೂಪಗಳ ಮೇಲೆ ನಿಂತಿರುವುದರಿಂದ ಏನ ಮತ್ತು ರಿ ಎಂಬವುಗಳ ಕ್ರಮ ಅದರಲ್ಲಿ ಪಡೆಯಬೇಕಾದ ಸ್ಥಾನವನ್ನು ಪಡೆದಿಲ್ಲ. ಶಾಲಾ ವ್ಯಾಕರಣವೂ ಎ, ಆ, ಓ ಪ್ರತ್ಯಯಗಳನ್ನು ಕಲಿಸುವುದರಿಂದ, ಈ ಸೀಮೆಯ ಮಕ್ಕಳು ಮನೆಯಲ್ಲಿ ‘ಅಂವ ಬಂದಾನೇನ’ ಎಂದು ಕೇಳಿ ಉತ್ತರಪತ್ರಿಕೆಯಲ್ಲಿ ‘ಅವನು ಬಂದನೇ’ ಎಂದು ಬರೆಯುತ್ತಾರೆ. ದೂರದರ್ಶನ ಮತ್ತು ಚಲನಚಿತ್ರಗಳ ಮೂಲಕ ‘ಬಂದನಾ’ ಎಂಬ ಮೂರನೆಯ ರೂಪವೂ ಅವರ ಕಿವಿಗೆ ಬೀಳುತ್ತದೆ. ಕನ್ನಡದ ಮಾತನ್ನು ಗುರುತಿಸುವ ತಂತ್ರಾಂಶಗಳು ಬಳಕೆಗೆ ಬರುತ್ತಿರುವ ಈ ಕಾಲದಲ್ಲಿ ಕ್ರಿಯಾಪದಕ್ಕೆ ಅಂಟಿದ ಏನ ಎಂಬುದನ್ನು ಕರ್ಮವಾದ ಏನ ಎಂಬುದರಿಂದ ಬೇರ್ಪಡಿಸುವುದು ಪ್ರಾಯೋಗಿಕ ಅಗತ್ಯವೂ ಆಗಿದೆ. ಕರ್ಮಸ್ಥಾನ ತುಂಬಿದೆಯೇ, ಪದ ವಿಭಕ್ತಿಯನ್ನು ಪಡೆಯಬಲ್ಲುದೇ, ಅದರ ಬಲಕ್ಕೆ ಕೇಳುಗಸೂಚಕ ಬಂದಿದೆಯೇ ಎಂಬ ಮೂರು ಪರೀಕ್ಷೆಗಳು ಬಹುಪಾಲು ವಾಕ್ಯಗಳಲ್ಲಿ ಈ ಕೆಲಸಕ್ಕೆ ಸಾಕಾಗುತ್ತವೆ.